ಮಾರಿಕಣಿವೆಯ ಗೋಡೆ ಕಾಯುವವರಿಗೆ, ಕಡೂರು ಸೀಮೆಯಿಂದ

2025ರ ಜನವರಿಯಲ್ಲಿ ನೀವು ಕಾಯುವ ಮಾರಿಕಣಿವೆಯ ಅಣೆಕಟ್ಟೆ, ವಾಣಿ ವಿಲಾಸ ಸಾಗರ, 130 ಅಡಿ ತುಂಬಿ ಕೋಡಿ ಬಿತ್ತು. 1933ರಲ್ಲಿ ಹರಿದ ಕೋಡಿಯನ್ನು ಮತ್ತೆ ನೋಡಲು 2022ರವರೆಗೆ ಕಾಯಬೇಕಾಯಿತು. ಈ ಸಲ ಮೂರು ವರ್ಷವೂ ಕಾಯಿಸಲಿಲ್ಲ. ವೇದಾ, ಅವತಿ ಎರಡೂ ಹೊಳೆಗಳು ನಮ್ಮ ಚಂದ್ರದ್ರೋಣ ಬೆಟ್ಟಗಳಿಂದ ಇಳಿದು ಕಡೂರಿನ ಹತ್ತಿರ ಕೂಡಿ, ಆ ಸಾಗರವನ್ನು ತುಂಬುವ ವೇದಾವತಿಯಾಗುತ್ತವೆ. ನೀರು ಇಲ್ಲಿಂದ ಹೊರಟರೂ ಅದನ್ನು ಹಿಡಿದಿಟ್ಟು ಹಿರಿಯೂರಿಗೆ, ಚಿತ್ರದುರ್ಗದ ನಲ್ಲಿಗಳಿಗೆ ಮುಟ್ಟಿಸುವವರು ನೀವು. ನಮಸ್ಕಾರ.

ಮೊದಲ ವಂದನೆ ಸೋರಿಕೆ ಅಳೆಯುವವರಿಗೆ. 1907ರಲ್ಲಿ ಮುಗಿದ ಆ ಅಣೆಕಟ್ಟೆ ಕಲ್ಲು ಮತ್ತು ಸುಣ್ಣದ ಗಾರೆಯದು. ನೀರನ್ನು ತಡೆಯುವುದು ಅದರ ಸ್ವಂತ ಭಾರ. 130 ಅಡಿ ಆಳದಲ್ಲಿ ಒಂದು ಚದರ ಮೀಟರಿಗೆ ಸುಮಾರು 40 ಟನ್ ಒತ್ತಡ ಬೀಳುತ್ತದೆ. ಸಂದಿಗೆ ನುಗ್ಗಿದ ನೀರು ಸುಣ್ಣವನ್ನು ಕರಗಿಸುತ್ತದೆ. ಹಿಂಬದಿಯ ಕಲ್ಲಿನ ಮೇಲೆ ಕಾಣುವ ಬಿಳಿ ಪೊರೆ ಒಳಗಿನ ಗಾರೆಯಿಂದ ಹೊರಬಂದ ಸುಣ್ಣವೇ. ಸೋರಿದ ನೀರನ್ನು ಅಳೆಯುವ 90 ಡಿಗ್ರಿಯ ವಿ-ನಾಚ್ ಹಲಗೆಯಲ್ಲಿ, ಅಂದರೆ V ಆಕಾರದ ಕಚ್ಚು ಇರುವ ಹಲಗೆಯಲ್ಲಿ, ನೀರು ಕಚ್ಚಿನ ತಳದಿಂದ 10 ಸೆಂಟಿಮೀಟರ್ ನಿಂತರೆ ಸೆಕೆಂಡಿಗೆ ಸುಮಾರು 4.4 ಲೀಟರ್, 11 ನಿಂತರೆ 5.5. ಅಂದರೆ ಒಂದು ಸೆಂಟಿಮೀಟರ್ ತಪ್ಪಿ ಓದಿದರೂ ಲೆಕ್ಕ ಕಾಲು ಭಾಗ ಕೆಡುತ್ತದೆ. ಅದಕ್ಕೇ ನೀರು ಧುಮುಕುವ ಅಂಚಿನಲ್ಲಿ ಅಳೆಯದೆ, ಸ್ವಲ್ಪ ಹಿಂದೆ ನಿಶ್ಚಲವಾಗಿರುವ ಕಡೆ ಅಳೆಯಬೇಕು. ಚಳಿಗಾಲದಲ್ಲಿ ಗೋಡೆ ಕುಗ್ಗಿ ಸಂದಿ ಬಿಡುವುದರಿಂದ ಸೋರಿಕೆ ಹೆಚ್ಚುವುದು ಸಹಜ. ಜಲಾಶಯದ ನೀರಿನ ಅದೇ ಮಟ್ಟ, ಅದೇ ತಿಂಗಳಿನ ಹಳೆಯ ಅಳತೆಯ ಜೊತೆಗೇ ಹೋಲಿಸಬೇಕು. ತಿಳಿನೀರು ಕದಡಿ ಬಂದರೆ ಮಾತ್ರ ಒಂದು ಗಳಿಗೆಯೂ ತಡಮಾಡುವಂತಿಲ್ಲ.

ಇಂಥ ಗೋಡೆಗಳ ಸಂದಿ ತುಂಬುವ ಗಾರೆ ಕೆಲಸದವರಿಗೂ ನಾವು ಋಣಿಗಳು. ಸಂದಿಯ ಅಗಲದ ಎರಡರಷ್ಟು ಆಳಕ್ಕೆ ಹಳೇ ಗಾರೆ ಕೆರೆದು, ತೊಳೆದು, ಕಲ್ಲನ್ನು ನೆನೆಸಿ, ಹೊಸ ಗಾರೆ ಒತ್ತಿ, ಒದ್ದೆ ಗೋಣಿ ಹೊದಿಸುವ ಕೆಲಸಕ್ಕೆ ಅವಸರ ಒಗ್ಗದು. ಒಣಗಲ್ಲು ಗಾರೆಯ ನೀರು ಹೀರಿದರೆ ತುಂಬಿದ್ದು ವರ್ಷದಲ್ಲೇ ಉದುರುತ್ತದೆ. ಮೊದಲು ಮುಚ್ಚಬೇಕಾದ್ದು ನೀರಿನ ಕಡೆಯ ಮುಖ. ಚೆಂದಕ್ಕೆಂದು ಹಿಂಬದಿಯನ್ನಷ್ಟೇ ಸಿಮೆಂಟಿನಿಂದ ಬಿಗಿದರೆ ನೀರು ಒಳಗೇ ಸಿಕ್ಕಿಕೊಂಡು ಗೋಡೆಯನ್ನು ತಳ್ಳುತ್ತದೆ. ಅರಳಿ ಸಸಿಯನ್ನು ಬೆರಳುದ್ದ ಇರುವಾಗಲೇ ಬೇರುಸಹಿತ ಕಿತ್ತವರಿಗೆ ಇನ್ನೊಂದು ನಮಸ್ಕಾರ. ಬರೀ ಕತ್ತರಿಸಿದರೆ ಬೇರು ಕಲ್ಲನ್ನು ಸೀಳುತ್ತ ಹೋಗುತ್ತದೆ.

ಬೆಟ್ಟದತಾವರೆಕೆರೆಯ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ ಮಾಡಿ, ಭದ್ರೆಯ ನೀರು ವಾಣಿ ವಿಲಾಸ ಸಾಗರಕ್ಕೂ ಮುಟ್ಟಲೆಂದು ಅದನ್ನು ಅಜ್ಜಂಪುರದ ಸುರಂಗದತ್ತ ಎತ್ತಿ ಕಳಿಸಿದವರನ್ನೂ ಮರೆತಿಲ್ಲ. ಮಳೆಯೊಂದನ್ನೇ ನೆಚ್ಚಿದ್ದ ಕಾಲದಲ್ಲಿ ಎರಡು ಕೋಡಿಗಳ ನಡುವೆ 89 ವರ್ಷ ಕಳೆದಿತ್ತು.

— ವೇದಾವತಿಯ ಮೇಲ್ಭಾಗದ ಊರಿನವರು, ಕಡೂರು