ಬೇಡಿಕೆಯ ಪಟ್ಟಿಯೇ ಪ್ರಾರ್ಥನೆಯಲ್ಲ

ಮಾನ್ಯರೇ,

ದಿನವೂ ಪ್ರಾರ್ಥಿಸಿದರೂ ಸಂತೋಷ ನಿಲ್ಲುವುದಿಲ್ಲ ಎನ್ನುವ ಕ್ರೈಸ್ತರು ಹಲವರು. ಪ್ರಾರ್ಥನೆಯೆಲ್ಲ ಬೇಡಿಕೆಯೇ ಆದರೆ ಮನಸ್ಸು ಇಲ್ಲದ್ದರ ಸುತ್ತಲೇ ಸುತ್ತುತ್ತದೆ. ಸೆರೆಯಲ್ಲಿದ್ದ ಅಪೊಸ್ತಲ ಪೌಲ ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಪತ್ರ ಬರೆದಾಗ (ಬೈಬಲ್, ಫಿಲಿಪ್ಪಿ 4:6) ವಿಜ್ಞಾಪನೆಯ ಜೊತೆಗೇ ಕೃತಜ್ಞತೆಯನ್ನೂ ಸೇರಿಸಿದ. ‘ಎಲ್ಲಕ್ಕೂ ಸ್ತೋತ್ರ’ ಎಂದು ಮುಗಿಸಿದರೆ ಸಾಲದು. ಮಗುವಿನ ಜ್ವರ ಇಳಿದದ್ದು, ಮುನಿದಿದ್ದ ತಮ್ಮ ಫೋನ್ ಮಾಡಿದ್ದು, ಹೀಗೆ ಬಿಡಿಸಿ ಹೇಳಬೇಕು.

ದುಃಖವಿದ್ದರೆ ನಗುಮುಖದ ನಾಟಕವೂ ಬೇಡ. ಬೈಬಲಿನ 13ನೇ ಕೀರ್ತನೆಯಲ್ಲಿರುವುದು 6 ವಚನ. ಮೊದಲೆರಡೂ ‘ಇನ್ನೆಷ್ಟರವರೆಗೆ’ ಎಂಬ ದೂರೇ, ಹಾಡು ಬರುವುದು ಕೊನೆಗೆ. ಆ ಕೀರ್ತನೆಯನ್ನು ಗಟ್ಟಿಯಾಗಿ, ವಚನಕ್ಕೊಮ್ಮೆ ನಿಂತು ಓದಿ. ಆಮೇಲೆ 5 ನಿಮಿಷ ಸುಮ್ಮನಿರಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಭಾವನೆ ಉಕ್ಕಲಿಲ್ಲವೆಂದು ಮರುದಿನವೇ ಕೈಬಿಡುವವರೇ ಹೆಚ್ಚು.

– ಒಬ್ಬ ಓದುಗ