ಹಂದಿ ಮರಿಗೆ ಹಾಲಿನ ಪುಡಿ ಕೊಳ್ಳುವ ಮುಂಚೆ

ಪ್ರೀತಿಯ ಕಿರಣನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮರಿಗಳಿಗೆಂದು ಅರ್ಧ ಬೆಲೆಯ ಹಾಲಿನ ಪುಡಿ ತರಲು ಹೊರಟಿದ್ದೀಯ ಅಂತ ನಿನ್ನಪ್ಪ ಹೇಳಿದ. ನೀನು ಕಳಿಸಿದ ಫೋಟೋನೂ ನೋಡಿದೆ. ಚೀಲದ ಮೇಲೆ ಪ್ರೋಟೀನ್ 34% ಅಂತ ಇದೆ. ಆ ಅಂಕಿ ಸುಳ್ಳಿರಲಿಕ್ಕಿಲ್ಲ. ಆದರೆ ಅದೊಂದನ್ನೇ ನಂಬಿ ದುಡ್ಡು ಕೊಡಬೇಡ.

ಲ್ಯಾಬಿನಲ್ಲಿ ಅಳೆಯುವುದು ಪ್ರೋಟೀನನ್ನಲ್ಲ, ಅದರಲ್ಲಿರುವ ಸಾರಜನಕವನ್ನು. ಅದನ್ನು 6.38ರಿಂದ ಗುಣಿಸಿ ಪ್ರೋಟೀನ್ ಇಷ್ಟು ಎಂದು ಬರೆಯುತ್ತಾರೆ. ಪುಡಿ ಸೀದಿದ್ದರೂ ಸಾರಜನಕ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹಾಳಾಗುವುದು ಒಳಗಿನ ಲೈಸಿನ್, ಅಂದರೆ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಬಿಸಿ ಜಾಸ್ತಿಯಾದರೆ ಈ ಸಕ್ಕರೆ ಲೈಸಿನ್‌ಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದು ಮರಿಯ ಹೊಟ್ಟೆಗೆ ಹೋದರೂ ಮೈಗೆ ಹತ್ತುವುದಿಲ್ಲ. ಇದೇ ಮೈಲಾರ್ಡ್ ಕ್ರಿಯೆ. ಧಾರವಾಡ ಪೇಡಕ್ಕೆ ಕಂದು ಬಣ್ಣ, ಪರಿಮಳ ಬರುವುದೂ ಇದರಿಂದಲೇ. ಪೇಡಕ್ಕೆ ಚೆನ್ನ, ಮರಿಗೆ ಅಲ್ಲ. ಶುರುವಿನಲ್ಲಿ ಬಣ್ಣವೇ ಬದಲಾಗುವುದಿಲ್ಲ. ಕಣ್ಣಿಗೆ ಕಂದಾಗಿ ಕಾಣುವ ಹೊತ್ತಿಗೆ ಸಾಕಷ್ಟು ಲೈಸಿನ್ ಹೋಗಿರುತ್ತದೆ.

ನಿನ್ನ ಮೇವಿನಲ್ಲಿ ಮೆಕ್ಕೆಜೋಳವೇ ಜಾಸ್ತಿ, ಅಲ್ವಾ? ಅದರಲ್ಲಿ ಮೊದಲು ಕೊರತೆ ಬೀಳುವುದೇ ಲೈಸಿನ್. 7ರಿಂದ 11 ಕೆಜಿ ತೂಗುವ ಮರಿಯ ಮೇವಿನಲ್ಲಿ ಜೀರ್ಣವಾಗುವ ಲೈಸಿನ್ 1.35% ಇರಬೇಕು ಎನ್ನುತ್ತದೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ (ಎನ್‌ಆರ್‌ಸಿ) 2012ರ ಪಟ್ಟಿ. ಅದು ಕಡಿಮೆಯಾದರೆ ಉಳಿದ ಅಮೈನೋ ಆಮ್ಲಗಳು ಎಷ್ಟಿದ್ದರೂ ಹೆಚ್ಚಾದದ್ದು ಮಾಂಸವಾಗದೆ ಒಡೆದು, ಅದರ ಸಾರಜನಕ ಮೂತ್ರದಲ್ಲಿ ಹೋಗುತ್ತದೆ.

ಮಾರುವವನನ್ನು ಮೊದಲು ಕೇಳಬೇಕಾದದ್ದು, ಪುಡಿ ಒಣಗಿಸಿದ್ದು ಹೇಗೆ ಅಂತ. ಸ್ಪ್ರೇ ಡ್ರೈಯರ್‌ನಲ್ಲಿ ಹಾಲನ್ನು ಸಣ್ಣ ಹನಿಗಳಾಗಿ ಬಿಸಿ ಗಾಳಿಗೆ ಚಿಮ್ಮಿಸಿ ಒಣಗಿಸುತ್ತಾರೆ. ಒಳಬರುವ ಗಾಳಿ 180–200 ಡಿಗ್ರಿ ಇರುತ್ತದೆ. ಕೇಳಿದರೆ ಭಯವಾಗುತ್ತದೆ. ಆದರೆ ಹನಿಯಿಂದ ನೀರು ಆವಿಯಾಗುತ್ತಾ ಹನಿಯನ್ನು ತಂಪಾಗಿಡುತ್ತದೆ, ಲೈಸಿನ್ ಬಹುಪಾಲು ಉಳಿಯುತ್ತದೆ. ರೋಲರ್‌ನಲ್ಲಿ ಹಾಗಲ್ಲ. ಹಬೆ ತುಂಬಿದ ಉರುಳೆಯ ಬಿಸಿ ಲೋಹಕ್ಕೇ ಹಾಲು ತಾಗಿ ಒಣಗುತ್ತದೆ. ನಷ್ಟ ಅಲ್ಲಿ ಜಾಸ್ತಿ.

ಕೆಲವರು ‘ಹೈ ಹೀಟ್’ ಪುಡಿ ಎಂದರೆ ಹಾಳಾದದ್ದು ಅಂದುಕೊಳ್ಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಒಣಗಿಸುವ ಮುಂಚೆ ಹಾಲನ್ನು ಹೆಚ್ಚು ಕಾಯಿಸಿದ್ದಾರೆ ಅಂತಷ್ಟೇ ಅದರ ಅರ್ಥ. ಹಾಲು ಒಡೆದಾಗ ನೀರಿನಲ್ಲಿ ಉಳಿಯುವ ವೇ ಪ್ರೋಟೀನಿನ ರೂಪ ಬದಲಾಗುತ್ತದೆ, ಆದರೆ ಲೈಸಿನ್ ಅಷ್ಟೇನೂ ಹೋಗಿರುವುದಿಲ್ಲ. ಆದರೂ ಆಗತಾನೇ ತಾಯಿ ಹಾಲು ಬಿಟ್ಟ ಮರಿಗೆ ನಾನಾದರೆ ‘ಲೋ ಹೀಟ್’ ಪುಡಿಯನ್ನೇ ಆರಿಸುತ್ತೇನೆ.

ತಂದ ಮೇಲೂ ಜೋಪಾನ ಬೇಕು. ತಗಡಿನ ಶೆಡ್ಡಿನಲ್ಲಿ, ಮಳೆಗಾಲದ ತೇವದಲ್ಲಿ ಚೀಲ ಬಿಚ್ಚಿಟ್ಟರೆ ಪುಡಿ ಗಂಟು ಕಟ್ಟುತ್ತದೆ, ಅದೇ ಕ್ರಿಯೆ ಚೀಲದೊಳಗೂ ಮುಂದುವರಿಯುತ್ತದೆ. ಕುದಿಯುವ ಗಂಜಿಗೆ ಪುಡಿ ಹಾಕಿ ಬೇಯಿಸಬೇಡ. ಉಗುರುಬೆಚ್ಚಗಾದ ಮೇಲೆ ಕಲಸು. ಮೇವನ್ನು ಪೆಲೆಟ್ (ಗುಳಿಗೆ) ಮಾಡಿಸುವುದಾದರೆ ಬಿಸಿ ಕಡಿಮೆ ಇಡಲು ಮಿಲ್ಲಿನವರಿಗೆ ಹೇಳು.

ಫೋಟೋದಲ್ಲಿ ಗಂಟುಗಳೂ ಕಾಣುತ್ತಿವೆ, ಬಣ್ಣವೂ ಕಂದು. ಒಂದು ಹಿಡಿ ತರಿಸಿ ಮೂಸಿ ನೋಡು. ಸೀದ ವಾಸನೆ ಇದ್ದರೆ ಬೇಡ. ದೊಡ್ಡ ಲೋಡ್ ತರುವುದಾದರೆ ‘ರಿಯಾಕ್ಟಿವ್ ಲೈಸಿನ್’, ಅಂದರೆ ಸಕ್ಕರೆ ಅಂಟದೆ ಉಳಿದ ಲೈಸಿನ್ ಎಷ್ಟೆಂದು ಅಳೆಯುವ ಪರೀಕ್ಷೆ ಮಾಡಿಸು. ಮಾಮೂಲಿ ಅಮೈನೋ ಆಮ್ಲ ಪರೀಕ್ಷೆ ಸಾಲದು. ಅದರಲ್ಲಿ ಬಳಸುವ ಆಮ್ಲ ಅಂಟಿದ ಲೈಸಿನ್‌ನಲ್ಲಿ ಒಂದಿಷ್ಟನ್ನು ಬಿಡಿಸಿ ಲೆಕ್ಕ ಹೆಚ್ಚು ತೋರಿಸುತ್ತದೆ. ಈಗಾಗಲೇ ಮುಂಗಡ ಕೊಟ್ಟಿದ್ದೀಯಾದರೆ ನನಗೆ ಫೋನ್ ಮಾಡು. ಆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ದೊಡ್ಡ ಹಂದಿಗಳಿಗೆ ಹಾಕಿ, ಕೊರತೆಗೆ ಅಂಗಡಿಯ ಲೈಸಿನ್ ಸೇರಿಸುವ ಲೆಕ್ಕ ಇಬ್ಬರೂ ಕೂತು ಮಾಡೋಣ.

ನಿನ್ನ ದೊಡ್ಡಪ್ಪ