ಬರೆ ಕೆಳಗಿನ ಮನೆಗೆ, ಮಳೆಗಾಲಕ್ಕೆ ಮೊದಲು

ಪುಟ್ಟೀ,

ನೀವಿಬ್ಬರೂ ಬೆಂಗಳೂರು ಬಿಟ್ಟು ಮಡಿಕೇರಿ ಕಡೆ ತೋಟದ ಮನೆಗೆ ಬಂದಿರುವುದು ನನಗೆ ಬಹಳ ಖುಷಿ. ನೀನು ಕಳಿಸಿದ ಫೋಟೊಗಳನ್ನು ನಿನ್ನ ದೊಡ್ಡಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಾಳೆ. ಆದರೆ ನನ್ನ ಕಣ್ಣು ಹೋಗಿದ್ದು ಮನೆ ಹಿಂದಿನ ಬರೆ ಮೇಲೆ, ಅಂದರೆ ಗುಡ್ಡ ಕಡಿದು ನಿಂತಿರುವ ಮಣ್ಣಿನ ಗೋಡೆ ಮೇಲೆ. ಜೆಸಿಬಿಯಲ್ಲಿ ನೆಟ್ಟಗೆ ಕಡಿದುಬಿಟ್ಟಿದ್ದಾರೆ, ಹುಲ್ಲು ಕೂಡ ಹಿಡಿದಿಲ್ಲ. ಮಳೆ ಹಿಡಿಯಲು ಜಾಸ್ತಿ ದಿನ ಇಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು.

ಯಾವಾಗ ಮನೆ ಬಿಡಬೇಕು ಅನ್ನುವುದನ್ನು ಈಗಲೇ, ಬಿಸಿಲಿರುವಾಗಲೇ ಇಬ್ಬರೂ ತೀರ್ಮಾನ ಮಾಡಿಟ್ಟುಕೊಳ್ಳಿ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೇ. ಮಳೆ ಸುರಿಯುತ್ತಿರುವಾಗ, ಕರೆಂಟ್ ಹೋಗಿ ಫೋನೂ ಸತ್ತಿರುವಾಗ, ಮನೆಯಲ್ಲಿ ದನ, ನಾಯಿ, ಒಣಗಿಸಿಟ್ಟ ಕಾಫಿ ಎಲ್ಲ ಇರುವಾಗ ಯಾರಿಗೂ ಹೊರಡುವ ಮನಸ್ಸು ಬರುವುದಿಲ್ಲ. ಇನ್ನೊಂದು ಸ್ವಲ್ಪ ನೋಡೋಣ ಅನ್ನಿಸುತ್ತದೆ. ಅಷ್ಟರಲ್ಲಿ ರಸ್ತೆ ಹೋಗಿರುತ್ತದೆ.

ಅಲ್ಲಿ ಎಲ್ಲ ತೋಟಗಳಲ್ಲೂ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ನೀನೂ ಒಂದು ರೈನ್ ಗೇಜ್ ಇಡು, ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ನೋಡಿ ಬರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 204.4 ಮಿಲಿಮೀಟರ್ ದಾಟಿದರೆ ಅತಿ ಹೆಚ್ಚಿನ ಮಳೆ, ಅಂದರೆ ನಮ್ಮ ಮಾತಿನಲ್ಲಿ ಎಂಟು ಇಂಚು. ಆದರೆ ಎಂಟು ಇಂಚು ಬೀಳಲಿ ಅಂತ ಕಾಯಬೇಡ. ವಾರಗಟ್ಟಲೆ ಮಳೆ ಹೊಡೆದು ಮಣ್ಣು ನೀರು ಕುಡಿದು ಭಾರವಾಗಿರುತ್ತದಲ್ಲ, ಅದರ ಮೇಲೆ ಎರಡು ದಿನ ಬಿಡದೆ ನಾಲ್ಕೈದು ಇಂಚು ಬಿದ್ದರೂ ಹೊರಡುವುದೇ ಸರಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಇಳಿದಿದ್ದೂ ಹಾಗೇ, ಜೂನ್‌ನಿಂದ ನೆನೆದ ಮಣ್ಣಿನ ಮೇಲೆ ಮತ್ತೆ ಮಳೆ ಹೊಡೆದು. ಆಮೇಲೆ ಬಂದು ನೋಡಿದ ಭೂವಿಜ್ಞಾನಿಗಳು, ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದಿದ್ದೂ ದೊಡ್ಡ ಕಾರಣ ಅಂದರು. ನಿನ್ನ ಮನೆ ಹಿಂದೆ ಆಗಿರುವುದೂ ಅದೇ ಕೆಲಸ.

ಮಳೆ ಕಡಿಮೆ ಇದ್ದರೂ ಕೆಲವನ್ನು ಕಂಡರೆ ಮಾತೇ ಬೇಡ, ಹೊರಡು. ಬರೆ ಮೇಲಿನ ನೆಲದಲ್ಲಿ ಬಿರುಕು ಬಿಟ್ಟರೆ, ನೆಟ್ಟಗಿದ್ದ ಸಿಲ್ವರ್ ಮರ ವಾಲಿದರೆ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾದರೆ ಅಥವಾ ಇಲ್ಲದ ಕಡೆ ಹೊಸದಾಗಿ ನೀರು ಉಕ್ಕಿದರೆ, ಮೊನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಸಿಕ್ಕಿಕೊಂಡರೆ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ಜೋರು ಮಳೆಯಲ್ಲಿ ತೋಡಿನ, ಅಂದರೆ ಸಣ್ಣ ಹಳ್ಳದ, ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಸಮಾಧಾನ ಪಡಬೇಡ, ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿರಬಹುದು, ಅದು ಒಡೆದರೆ ಮರ, ಬಂಡೆ ಎಲ್ಲ ಸೇರಿ ಒಟ್ಟಿಗೆ ಬರುತ್ತದೆ. ಆಗ ತೋಡಿನ ಜಾಡಿನಲ್ಲಿ ಕೆಳಕ್ಕೆ ಓಡಬಾರದು, ಪಕ್ಕಕ್ಕೆ, ಎತ್ತರಕ್ಕೆ ಹೋಗಬೇಕು.

ಹೊರಡುವುದಾದರೆ ಹಗಲಲ್ಲೇ ಹೊರಡಿ. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರಂದು ಗುಡ್ಡ ಬಂದಿದ್ದು ನಡುರಾತ್ರಿ ಕಳೆದ ಮೇಲೆ, ಜನ ಮಲಗಿದ್ದಾಗ. ಬೆಳಗಿನ ಜಾವ ಮತ್ತೊಮ್ಮೆ ಬಂತು. ಅದಕ್ಕೇ ಹೇಳುತ್ತೇನೆ, ಒಂದು ಸಲ ಕುಸಿದು ನಿಂತಿತು ಅಂತ ಸಾಮಾನು ತರಲು ವಾಪಸ್ ಹೋಗಬೇಡಿ. ದಾರಿಯಲ್ಲಿ ಕಡಿದ ಬರೆ ಕೆಳಗೆ ಗಾಡಿ ನಿಲ್ಲಿಸಬೇಡಿ, ಟೀ ಕುಡಿಯಲೂ ಬೇಡ. ಅದೇ ತಿಂಗಳು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ ಕೆಳಗಿದ್ದ ಟೀ ಅಂಗಡಿಯನ್ನು ಕೊಚ್ಚಿಕೊಂಡು ಹೋಯಿತು, ಮಣ್ಣು ಗಂಗಾವಳಿ ಹೊಳೆವರೆಗೂ ಹೋಗಿತ್ತು. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಮೊಣಕಾಲುದ್ದ ತಾನೇ ಅಂತ ದಾಟಬೇಡಿ. ಅಷ್ಟು ನೀರಿಗೇ ಕಾರು ತೇಲುತ್ತದೆ.

ಲೈನ್ ಮನೆಯವರನ್ನು, ಅದೇ ತೋಟದ ಕೆಲಸದವರ ಸಾಲುಮನೆಗಳಲ್ಲಿ ಇರುವವರನ್ನು, ಮರೆಯಬೇಡ ಮಗಳೇ. ತೋಟದಲ್ಲಿ ಎಲ್ಲರಿಗಿಂತ ತಗ್ಗಿನಲ್ಲಿ, ತೋಡಿನ ಪಕ್ಕ ಇರುವವರು ಅವರೇ. ಸಣ್ಣ ಮಕ್ಕಳಿದ್ದಾರೆ, ಎಷ್ಟೋ ಜನ ಅಸ್ಸಾಂ ಕಡೆಯವರು, ಇಲ್ಲಿನ ಮಳೆ ಮಣ್ಣು ಗೊತ್ತಿಲ್ಲ, ಭಾಷೆಯೂ ಬರುವುದಿಲ್ಲ. ನೀವು ಹೊರಡುವ ದಿನ ಮೊದಲ ಜೀಪಿನಲ್ಲಿ ಅವರು ಹೋಗಬೇಕು. ಎಲ್ಲಿಗೆ, ಯಾವ ದಾರಿಯಲ್ಲಿ ಅಂತ ಈಗಲೇ ಒಂದು ಸಲ ನಡೆಸಿ ತೋರಿಸು. ದನಗಳ ಹಗ್ಗ ಬಿಚ್ಚಿಬಿಡು, ಅವು ತಮ್ಮ ದಾರಿ ನೋಡಿಕೊಳ್ಳುತ್ತವೆ.

ಬಾಗಿಲ ಹತ್ತಿರ ಒಂದು ಬ್ಯಾಗ್ ತಯಾರಿರಲಿ. ಪಹಣಿ, ಆಧಾರ್ ಪ್ಲಾಸ್ಟಿಕ್ ಕವರಿನಲ್ಲಿ, ಅಳಿಯಂದಿರ ಬಿಪಿ ಮಾತ್ರೆ, ಟಾರ್ಚ್, ಪವರ್ ಬ್ಯಾಂಕ್, ಸೀಟಿ, ಒಣ ಬಟ್ಟೆ. ನಗದು ಹಣ ಇರಲೇಬೇಕು. ಟವರ್ ಹೋದ ದಿನ ಫೋನ್ ಪೇ ನಂಬಿಕೊಂಡರೆ ಒಂದು ಬಾಟಲಿ ನೀರೂ ಸಿಗುವುದಿಲ್ಲ. ನಂಬರುಗಳನ್ನು ಕಾಗದದ ಮೇಲೆ ಬರೆದಿಡು: ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108, ಜಿಲ್ಲೆಯ ಕಂಟ್ರೋಲ್ ರೂಮ್ 1077. ಹೊರಡುವ ಮೊದಲು ಮೇನ್ ಸ್ವಿಚ್, ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡು. ಆದರೆ ನೀರಲ್ಲಿ ನಿಂತು ಸ್ವಿಚ್ ಮುಟ್ಟಬೇಡ.

ಮನೆಯಲ್ಲೇ ಉಳಿಯುವ ದಿನಗಳೂ ಬರುತ್ತವೆ, ಕರೆಂಟ್ ವಾರಗಟ್ಟಲೆ ಇಲ್ಲದೆ. ಆಗ ಚಳಿ ಅಂತ ಕೆಂಡ ತುಂಬಿದ ಬಾಣಲೆಯನ್ನು ಬಾಗಿಲು ಹಾಕಿದ ಕೋಣೆಯಲ್ಲಿಟ್ಟು ಮಲಗಬಾರದು. ಜನರೇಟರ್ ಕೂಡ ಹೊರಗೇ ಇರಬೇಕು. ಆ ಹೊಗೆಯಲ್ಲಿರುವ ವಿಷಕ್ಕೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಬಾವಿಗೆ ಕೆಂಪು ನೀರು ಸೇರಿದರೆ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಕುಡಿಯಿರಿ. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ, ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮ ಮಾಡಿ ಅಳೆದು ಹಾಕು.

ನೀರು ಏರಿದಾಗ ಹಾವುಗಳೂ ಒಣ ಜಾಗ ಹುಡುಕಿ ಸೌದೆ ಕೊಟ್ಟಿಗೆಗೆ, ಅಟ್ಟಕ್ಕೆ ಬರುತ್ತವೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಬಳೆ, ಉಂಗುರ ತೆಗೆದು, ಕಚ್ಚಿದ ಕೈಕಾಲು ಅಲುಗಾಡದಂತೆ ಮರದ ಪಟ್ಟಿ ಇಟ್ಟು ಸೀದಾ ಜಿಲ್ಲಾಸ್ಪತ್ರೆಗೆ. ನಾಟಿ ಮದ್ದಿನವರ ಮನೆಯಲ್ಲಿ ಹೊತ್ತು ಕಳೆಯಬೇಡಿ.

ಈ ವಾರವೇ ಮಾಡಬೇಕಾದ್ದು ಒಂದಿದೆ. ಬರೆ ಮೇಲಿನ ನೀರು ಬರೆಗೆ ಇಳಿಯದಂತೆ ಮೇಲ್ಭಾಗದಲ್ಲಿ ಅಡ್ಡ ಚರಂಡಿ ತೆಗೆಸಿ ಪಕ್ಕಕ್ಕೆ ಹರಿಯಬಿಡಿ. ಮಳೆ ಬಂದ ಮೇಲೆ ಅಲ್ಲಿಗೆ ಗುದ್ದಲಿ ಒಯ್ಯಬೇಡಿ. ಮಲಗುವುದನ್ನು ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಬದಲಾಯಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಶಾಲನಗರದ ನಮ್ಮ ಮನೆಯ ಮೇಲಿನ ಕೋಣೆ ನಿಮಗೆ ಖಾಲಿ ಇರುತ್ತದೆ, ಲೈನಿನವರಿಗೆ ಪಕ್ಕದ ಶೆಡ್ ಇದೆ. ಫೋನ್ ಮಾಡಿ ಕೇಳಬೇಕಾಗಿಲ್ಲ, ರಾತ್ರಿ ಎಷ್ಟು ಹೊತ್ತಾದರೂ ಸೀದಾ ಬನ್ನಿ.

ನಿನ್ನ ದೊಡ್ಡಪ್ಪ